ಸಾಕ್ಸ್ ಹಾಕಿದ್ದರೂ ಇಂಬಳ ಹತ್ತುವುದೇಕೆ?

ಕುದುರೆಮುಖ ಬೆಟ್ಟದ ಚಾರಣದಲ್ಲಿ ಸಾಕ್ಸ್ ಹಾಕಿದ್ದರೂ ಇಂಬಳ ಕಚ್ಚಿತು, ತುರಿಕೆ ಇನ್ನೂ ಹೋಗಿಲ್ಲ, ಮುಂದಿನ ವಾರ ಮತ್ತೆ ಹೋಗಬೇಕು ಎಂದು ಬರೆದಿದ್ದೀರಿ. ಬಹುಶಃ ನಿಮ್ಮ ಸಾಕ್ಸಿನ ಹೆಣಿಗೆಯೇ ಕಾರಣ. ಹತ್ತಿಯ ಸಾಕ್ಸನ್ನು ಎಳೆದು ಹಾಕಿಕೊಂಡಾಗ ಅದರ ಕಣ್ಣುಗಳು ಅಗಲವಾಗುತ್ತವೆ. ಹಸಿದ ಇಂಬಳ ನೂಲಿನಂತೆ ಸಪೂರಾಗಿ ಆ ಸಂದಿನಲ್ಲೇ ತೂರುತ್ತದೆ. ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿದ ಮೇಲಷ್ಟೇ ನಮಗೆ ಗೊತ್ತಾಗುವುದು.

ಮುಂದಿನ ವಾರ ಮತ್ತೆ ಕುದುರೆಮುಖ ಹತ್ತುವ ಮುನ್ನ, ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಮಂಡಿಯವರೆಗೆ ಹೊಲಿದ ಇಂಬಳದ ಸಾಕ್ಸ್ ಕೊಳ್ಳಿ. ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ ದಾರ ಬಿಗಿಯಿರಿ. ವಿಶ್ರಾಂತಿಗೆ ತರಗೆಲೆಯ ಮೇಲೆ ಕೂರಬೇಡಿ, ಒಣ ಬಂಡೆ ಹುಡುಕಿ. ಅಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಲಿ.

ಕಚ್ಚಿದರೆ ಕಿತ್ತೆಳೆಯಬೇಡಿ. ಉಪ್ಪು, ಬೆಂಕಿಕಡ್ಡಿ ಖಂಡಿತ ಬೇಡ, ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಅದರ ಪಕ್ಕದ ಚರ್ಮಕ್ಕೆ ಉಗುರಾನಿಸಿ ಮೆಲ್ಲನೆ ಸರಿಸಿ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಗಂಟೆಗಟ್ಟಲೆ ಜಿನುಗುವುದು ಸಹಜ, ಹೆದರಬೇಡಿ. ಸೋಪಿನಿಂದ ತೊಳೆದು, ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಹತ್ತು ದಿನವಾದರೂ ತುರಿಕೆ ಹೋಗಿಲ್ಲ ಎಂದಿದ್ದೀರಿ. ಅದು ಆ ಜೊಲ್ಲಿನ ಅಲರ್ಜಿ ಇರಬಹುದು, ಕೆರೆದು ಸೋಂಕೂ ಆಗಿರಬಹುದು. ಗಾಯ ನೋಡದೆ ಹೇಳುವುದು ಸರಿಯಲ್ಲ. ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಇದ್ದರೆ ಚಾರಣ ಮುಂದೂಡಿ, ಇಂದೇ ವೈದ್ಯರಿಗೆ ತೋರಿಸಿ. ಬರೀ ತುರಿಕೆಯಾದರೆ ಕೆರೆಯದೆ ತಣ್ಣೀರಿನ ಬಟ್ಟೆ ಇಡಿ.