ಯಾವ ಎಣ್ಣೆ ಹಚ್ಚಿದರೆ ಕೂದಲು ಭುಜ ದಾಟಿ ಬೆಳೆಯುತ್ತದೆ?

ಎಣ್ಣೆ ಬದಲಿಸಿ ಬದಲಿಸಿ ಸುಸ್ತಾಯಿತು, ಕೂದಲು ಭುಜ ದಾಟುತ್ತಲೇ ಇಲ್ಲ ಅಂತ ಬರೆದಿದ್ದೀರಿ. ನಿಮ್ಮ ಕೂದಲು ಬೆಳೆಯುತ್ತಾ ಇರಬಹುದು ಮಾರಾಯ್ರೆ. ಮೇಲೆ ಬೆಳೆದಷ್ಟೂ ಕೆಳಗೆ ತುಂಡಾಗುತ್ತಿದ್ದರೆ ಉದ್ದ ಆಗುವುದು ಹೇಗೆ? ನನ್ನ ಕಥೆ ಅದೇ.

ನಮ್ಮದು ಬದಿಯಡ್ಕದ ಹತ್ತಿರ. ಎಣ್ಣೆಗೆ ಬರಗಾಲ ಇರಲಿಲ್ಲ. ನಮ್ಮದೇ ತೆಂಗಿನಕಾಯಿಯ ಎಣ್ಣೆಗೆ ಗರುಗ, ಒಂದೆಲಗ, ದಾಸವಾಳದ ಸೊಪ್ಪು ಹಾಕಿ ಅಮ್ಮ ಕಾಯಿಸುತ್ತಿದ್ದರು. ಆದರೂ ಜಡೆಯ ತುದಿ ಇಲಿಬಾಲ!

ಕಾಸರಗೋಡಿಗೆ ಕಾಲೇಜಿಗೆ ಹೋಗುತ್ತಿದ್ದ ಕಾಲ ಅದು. ಬೆಳಿಗ್ಗೆ ತಲೆಗೆ ಮೀಯುವುದು, ಬೈರಾಸಿನಲ್ಲಿ ಕೂದಲು ಹಿಂಡಿ ಗಸಗಸ ಉಜ್ಜುವುದು, ಬಸ್ಸು ಹೋದೀತು ಅಂತ ಚಂಡಿ (ಒದ್ದೆ) ಕೂದಲಿಗೇ ಬಾಚಣಿಗೆ ಹಾಕಿ ನೆತ್ತಿಯಿಂದ ಕೆಳಗೆ ಸರ್ರನೆ ಎಳೆಯುವುದು, ಬಿಗಿಯಾಗಿ ಜಡೆ ಹೆಣೆದು ರಬ್ಬರ್ ಬ್ಯಾಂಡ್ ಸುತ್ತಿ ಓಡುವುದು. ಮಳೆಗಾಲದಲ್ಲಿ ಸಂಜೆ ಬಿಚ್ಚಿದರೂ ಒಳಗೆ ಚಂಡಿಯೇ. ಸಿಕ್ಕು ಬಂದಲ್ಲಿ ಟಪ್ ಅಂತ ಶಬ್ದ ಕೇಳುತ್ತಿತ್ತು, ನಾನು ಇನ್ನೂ ಜೋರಾಗಿ ಎಳೆಯುತ್ತಿದ್ದೆ.

ಒಂದು ದಿನ ಚಿಕ್ಕಮ್ಮ ನೆಲದ ಮೇಲಿನ ಕೂದಲು ಹೆಕ್ಕಿ ಬೆರಳಲ್ಲಿ ಹಿಡಿದು, "ಇದಕ್ಕೆ ಬುಡವೇ ಇಲ್ಲ ಮಾರಾಯ್ತಿ, ಇದು ಉದುರಿದ್ದಲ್ಲ, ತುಂಡಾದದ್ದು" ಅಂದರು. ಬೇರಿನಿಂದ ಉದುರಿದ ಕೂದಲಿಗೆ ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇರುತ್ತದೆ. ನನ್ನದರಲ್ಲಿ ಹೆಚ್ಚಿನವು ಬರೀ ಗಿಡ್ಡ ತುಂಡುಗಳು.

ವಿಷಯ ಇಷ್ಟೇ. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ, ಎಳೆದರೆ ಹಿಗ್ಗುತ್ತದೆ, ಜಾಸ್ತಿ ಎಳೆದರೆ ತುಂಡಾಗುತ್ತದೆ. ಚರ್ಮದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಹಾಳಾದದ್ದು ತಾನಾಗಿ ಸರಿಯಾಗುವುದಿಲ್ಲ. ತಿಂಗಳಿಗೆ ಬೆಳೆಯುವುದೇ ಸುಮಾರು 1 ಸೆಂಟಿಮೀಟರ್. ಭುಜ ಮುಟ್ಟಿದ ತುದಿ ಅಂದರೆ 2 ವರ್ಷಕ್ಕಿಂತ ಹಳೆಯದು, ಅಷ್ಟು ಕಾಲದ ಎಳೆದಾಟವೆಲ್ಲ ಅದರ ಮೇಲೇ ಆಗಿದೆ.

ಹಾಗಾಗಿ ಎಣ್ಣೆ ಹುಡುಕುವುದು ಬಿಡಿ. ತೆಂಗಿನೆಣ್ಣೆ ಒಳ್ಳೆಯದೇ, ಮೀಯುವ ಮೊದಲು ಹಚ್ಚಿದರೆ ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದು ಕಡಿಮೆ. ಬೆಳೆಸುವ ಕೆಲಸ ಅದರದ್ದಲ್ಲ. ನಾನು ಈಗ ರಜೆ ಇದ್ದರೆ ಮಾತ್ರ ಬೆಳಿಗ್ಗೆ ಮೀಯುವುದು, ಉಳಿದಂತೆ ಸಂಜೆ. ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲೆ ಮೇಲೆ ಹೋಗುತ್ತೇನೆ. ಗುಂಗುರು ಕೂದಲಿಗೆ ಈ ಲೆಕ್ಕ ಬೇರೆ, ಒಣಗಿಸಿ ಬಾಚಿದರೆ ಇನ್ನೂ ಹಾಳು. ಕಂಡಿಷನರ್ ಇರುವಾಗಲೇ ಮೆಲ್ಲ ಬಿಡಿಸಬೇಕು. ರಬ್ಬರ್ ಬ್ಯಾಂಡಿನ ಜಾಗದಲ್ಲಿ ಬಟ್ಟೆ ಸುತ್ತಿದ ಬ್ಯಾಂಡ್. ಸೀಳಿದ ತುದಿ ಕತ್ತರಿಸಲೇಬೇಕು, ಎಷ್ಟು ಬೇಜಾರಾದರೂ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಮ್ನೆ ಮಾತು, ಸೀಳು ಮೇಲೆ ಹೋಗುವುದು ನಿಲ್ಲುತ್ತದೆ ಅಷ್ಟೇ.

ನಾಳೆ ಬಾಚುವಾಗ ಬಿದ್ದದ್ದನ್ನು ಹೆಕ್ಕಿ ನೋಡಿ. ಬಿಳಿ ಗುಂಡು ಇರುವ ಉದ್ದ ಕೂದಲೇ ರಾಶಿ ರಾಶಿ ಬರುತ್ತಿದ್ದರೆ ನನ್ನ ಕಥೆ ನಿಮಗೆ ಹೊಂದುವುದಿಲ್ಲ. ಜೋರು ಜ್ವರ ಬಂದು ಅಥವಾ ಹೆರಿಗೆಯಾಗಿ 2-3 ತಿಂಗಳಿಗೆ ಹಾಗೆ ಉದುರುವುದುಂಟು, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅದೇನೂ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ.