ಬಯಲಲ್ಲಿ ಸಾಕಿದ ಹಂದಿಗಳಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇರುವುದಿಲ್ಲವೇ?

ಇರಬಹುದು. ಬಯಲಲ್ಲಿ ಹಂದಿಗಳ ಇಕ್ಕಟ್ಟು ಕಡಿಮೆ, ಔಷಧಿಯೂ ಕಡಿಮೆ ಸಾಕಾಗಬಹುದು, ಆದರೆ ಸೋಂಕೇ ಬರುವುದಿಲ್ಲ ಅನ್ನೋದು ತಪ್ಪು. ಇಲಿ, ಹಕ್ಕಿಗಳ ಹಿಕ್ಕೆಯಿಂದ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬರುತ್ತದೆ. ಮೈಮೇಲೆ ಚೌಕಾಕಾರದ ಕೆಂಪು ಗಂಟು ಏಳಿಸುವ ಎರಿಸಿಪೆಲಾಸ್ ರೋಗದ ಬ್ಯಾಕ್ಟೀರಿಯಾ ಮಣ್ಣಲ್ಲೂ ಬದುಕುತ್ತದೆ. ಅದಕ್ಕೆ ಲಸಿಕೆ ಇದೆ, ಬಂದರೂ ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಬಗ್ಗುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸೋದು ಬ್ಯಾಕ್ಟೀರಿಯಾಗೆ ಔಷಧಿಗೆ ಬಗ್ಗದ ಗುಣ ಕೊಡುವ ಜೀನ್‌ಗಳ ಓಡಾಟ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಮನುಷ್ಯರಿಗೆ ಬೇರೆ ಔಷಧಿ ನಾಟದಿದ್ದಾಗ ಕೊಡುವ ಕೊನೆಯ ಆಸರೆ, ಅದನ್ನೇ ಸೋಲಿಸುವ ಎಂಸಿಆರ್-1 ಜೀನ್ ಚೀನಾದ ಹಂದಿಗಳ ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿದೆ ಎಂದು 2015ರಲ್ಲಿ ವರದಿಯಾಯಿತು, ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಹಂದಿ ಸಪ್ಪಗಾದರೆ ಸುಮ್ನೆ ಅಂಗಡಿಯಿಂದ ಔಷಧಿ ತಂದು ಹಾಕಬೇಡಿ, ಪಶುವೈದ್ಯರಿಗೆ ತೋರಿಸಿ, ಯಾವ ಔಷಧಿ ನಾಟುತ್ತದೆ ಎಂದು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.