ಚಿಕ್ಕ ಟ್ರ್ಯಾಕ್ಟರ್‌ನಲ್ಲಿ ಮೊದಲು ಸುಧಾರಿಸಬೇಕಾದದ್ದು ಅದರ ಹಿಂಭಾಗ

ಚಿಕ್ಕ ಟ್ರ್ಯಾಕ್ಟರ್ ಇಟ್ಟುಕೊಂಡವರು ಅದರ ವಿನ್ಯಾಸದಲ್ಲಿ ಏನು ಬದಲಾಗಲಿ ಅಂತ ಬಯಸುತ್ತಾರೆ ಎಂದು ಕೇಳಿದ್ದೀರಿ. ನಾನು ಎಂಟು ವರ್ಷದಿಂದ 24 ಎಚ್‌ಪಿ ಗಾಡಿ ಓಡಿಸುತ್ತಿದ್ದೇನೆ. ಎಂಜಿನ್ ಬಗ್ಗೆ ನನ್ನ ದೂರಿಲ್ಲ, ಬಲ ಸಾಕಾಗುತ್ತದೆ. ನನ್ನ ತಕರಾರೆಲ್ಲ ಹಿಂದುಗಡೆ ಸಲಕರಣೆ ಜೋಡಿಸುವ ಜಾಗದ ಬಗ್ಗೆ.

ಇಂಥ ಗಾಡಿ ಇಟ್ಟುಕೊಂಡವರು ಹೆಚ್ಚಾಗಿ ಒಬ್ಬರೇ ಕೆಲಸ ಮಾಡುವವರು. ಬೆಳಿಗ್ಗೆ ರೋಟವೇಟರ್, ಮಧ್ಯಾಹ್ನ ಟ್ರೇಲರ್, ಸಂಜೆ ಸ್ಪ್ರೇಯರ್. ಪ್ರತಿ ಸಲವೂ ಬಿಚ್ಚಬೇಕು, ಜೋಡಿಸಬೇಕು. ಸಲಕರಣೆಯನ್ನು ಎತ್ತಿ ಹಿಡಿಯುವ, ಗಾಡಿಯ ಹಿಂದಿನ ಎರಡು ಕಬ್ಬಿಣದ ತೋಳುಗಳೇ ಲೋವರ್ ಲಿಂಕ್. ಅವುಗಳ ತೂತು ಸಲಕರಣೆಯ 22 ಮಿಲಿಮೀಟರ್ ಪಿನ್‌ಗೆ ಸರಿಯಾಗಿ ಕೂರಬೇಕು. ಒಂದು ಬದಿ ಸಲೀಸಾಗಿ ಕೂರುತ್ತದೆ. ಇನ್ನೊಂದು ಬದಿ ಎರಡು ಬೆರಳಿನಷ್ಟು ದೂರದಲ್ಲಿ ನಿಂತುಬಿಡುತ್ತದೆ. ಆಮೇಲೆ ಗಾಡಿ ಹತ್ತು, ಒಂಚೂರು ಹಿಂದೆ ತಗೋ, ಇಳಿ, ಮತ್ತೆ ಹತ್ತು. ಕೊನೆಗೆ ಹಾರೆ ಹಾಕಿ ಮೀಟುವುದೇ ಗತಿ. ಒಮ್ಮೆ ಹೀಗೆ ಮೀಟುವಾಗ ನನ್ನ ಬೆರಳು ಸಿಕ್ಕಿ ಉಗುರೇ ಕಿತ್ತುಹೋಯಿತು.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಎಷ್ಟೋ ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ಲೋವರ್ ಲಿಂಕ್‌ನ ತುದಿ ಹೊರಗೆ ಎಳೆಯಲು ಬರುತ್ತದೆ. ಎಳೆದು ಪಿನ್‌ಗೆ ಹಾಕಿ, ಗಾಡಿಯನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡರೆ ತಾನಾಗಿಯೇ ಒಳಗೆ ಸರಿದು ಲಾಕ್ ಆಗುತ್ತದೆ. ಚಿಕ್ಕದರಲ್ಲಿ ಕೆಲವು ಮಾಡೆಲ್‌ಗಳಿಗೆ ಮಾತ್ರ ಇದೆ. ಎಲ್ಲಕ್ಕೂ ಬರಬೇಕು. ಅದರ ಜೊತೆಗೆ ಮಡ್‌ಗಾರ್ಡ್‌ನ ಹೊರಬದಿಯಲ್ಲಿ ಈ ಲಿಂಕ್‌ಗಳನ್ನು ಏರಿಸಿ ಇಳಿಸುವ ಬಟನ್ ಇದ್ದರೆ, ಚಕ್ರದ ಪಕ್ಕದಲ್ಲಿ ನಿಂತೇ ಎತ್ತರ ಹೊಂದಿಸಬಹುದು. ಗಾಡಿಗೂ ಸಲಕರಣೆಗೂ ನಡುವೆ ನಿಲ್ಲುವ ಪ್ರಮೇಯ ಕಡಿಮೆಯಾಗುತ್ತದೆ.

ತಿರುಗುತ್ತಾ ಎಂಜಿನ್ ಬಲವನ್ನು ಸಲಕರಣೆಗೆ ಒಯ್ಯುವ ಪಿಟಿಒ ಶಾಫ್ಟ್ ಕಥೆ ಇನ್ನೂ ಕಷ್ಟ. ಮೇಲೆ ಅದನ್ನು ಮುಚ್ಚುವ ಗಾರ್ಡ್, ಕೆಳಗೆ ಟ್ರೇಲರ್ ಎಳೆಯುವ ಡ್ರಾಬಾರ್, ನಡುವೆ ಕೈ ತೂರಿಸಲು ಜಾಗವೇ ಇಲ್ಲ. ಒಂದು ಕೈಯಲ್ಲಿ ಲಾಕ್ ಪಿನ್ ಒತ್ತಿಕೊಂಡು, ಇನ್ನೊಂದರಲ್ಲಿ ಭಾರದ ಶಾಫ್ಟ್ ಎತ್ತಿ, ಹಲ್ಲಿಗೆ ಹಲ್ಲು ಕೂರಿಸಬೇಕು. ಈ ಕಿರಿಕಿರಿಗೇ ಕೆಲವರು ಗಾರ್ಡನ್ನು ಬಿಚ್ಚಿ ಮೂಲೆಗೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶಾಫ್ಟ್ ತಿರುಗುವುದು 540 ಆರ್‌ಪಿಎಂನಲ್ಲಿ, ಅಂದರೆ ಸೆಕೆಂಡಿಗೆ 9 ಸುತ್ತು. ಬಟ್ಟೆಯ ತುದಿ ಸಿಕ್ಕಿದರೆ ಕೂಗುವಷ್ಟು ಹೊತ್ತೂ ಇರುವುದಿಲ್ಲ. ಮೇಲಕ್ಕೆ ಮಡಚುವ ಗಾರ್ಡ್ ಕೊಟ್ಟರೆ ಬಿಚ್ಚುವ ಕಾರಣವೇ ಇರುವುದಿಲ್ಲ, ಅಲ್ವಾ? ಅದೂ ಕೆಲವು ಗಾಡಿಗಳಲ್ಲಿ ಈಗಾಗಲೇ ಇದೆ.

ಎಣ್ಣೆಯ ಒತ್ತಡದಿಂದ ಸಲಕರಣೆ ನಡೆಸುವ ಹೈಡ್ರಾಲಿಕ್ ಪೈಪಿನದ್ದೂ ಒಂದು ಮಾತು. ಬಿಸಿಲಲ್ಲಿ ಬಿಟ್ಟ ಸಲಕರಣೆಯ ಪೈಪಿನೊಳಗೆ ಎಣ್ಣೆ ಹಿಗ್ಗಿ ಒತ್ತಡ ಕಟ್ಟಿಕೊಳ್ಳುತ್ತದೆ. ಆಗ ಪೈಪನ್ನು ಗಾಡಿಗೆ ಸೇರಿಸುವ ಕಪ್ಲರ್ ಎಷ್ಟು ಒತ್ತಿದರೂ ಕೂರುವುದಿಲ್ಲ. ನಟ್ಟು ಸಡಿಲಿಸಿ ಎಣ್ಣೆ ಬಿಡಲು ಹೋಗಬೇಡಿ. ಜೋರು ಒತ್ತಡದ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ, ಅದು ದೊಡ್ಡ ಗಾಯ. ಒತ್ತಡ ಬಿಡುವ ಪುಟ್ಟ ಲೀವರ್ ಇರುವ ಕಪ್ಲರ್‌ಗಳು ಸಿಗುತ್ತವೆ. ಕಂಪನಿಯಿಂದಲೇ ಅವನ್ನು ಹಾಕಿ ಕೊಡಲಿ.

ಉಳಿದವು ಸಣ್ಣವು, ಆದರೆ ದಿನಾ ಕಾಡುವಂಥವು. ಡೀಸೆಲ್ ಮುಚ್ಚಳ ಎದೆಯೆತ್ತರದಲ್ಲಿದೆ. 20 ಲೀಟರ್ ಕ್ಯಾನ್ ಅಂದರೆ ಸುಮಾರು 17 ಕೆಜಿ, ಅದನ್ನು ಎತ್ತಿ ಹಿಡಿದು ಸುರಿಯಬೇಕು. ಎಂಜಿನ್ ಆಯಿಲ್ ಬಿಚ್ಚಿದರೆ ಮುಂದಿನ ಆಕ್ಸಲ್ ಮೇಲೆಲ್ಲ ಸುರಿಯುತ್ತದೆ. ರೇಡಿಯೇಟರ್ ಮುಂದಿನ ಜಾಲರಿ ಪಕ್ಕಕ್ಕೆ ಎಳೆದರೆ ಬರುವಂತಿರಬೇಕು. ಹುಲ್ಲು ಕತ್ತರಿಸುವಾಗ ಅದು ದಿನಕ್ಕೆ ಎರಡು ಮೂರು ಸಲ ಕಟ್ಟಿಕೊಳ್ಳುತ್ತದೆ. ಸ್ಪ್ಯಾನರ್ ಹುಡುಕಬೇಕಾದರೆ ಮನುಷ್ಯ ಸುಮ್ನೆ ಹಾಗೇ ಓಡಿಸುತ್ತಾನೆ, ಎಂಜಿನ್ ಬಿಸಿಯಾಗುತ್ತದೆ.

ಗಾಡಿ ಮಗುಚಿದರೆ ಓಡಿಸುವವರನ್ನು ಕಾಯುವ ರೋಲ್ ಬಾರ್ ಮಡಚುವುದು, ಎತ್ತುವುದು ಇನ್ನಷ್ಟು ಸುಲಭವಾಗಬೇಕು. ಮರದ ಕೊಂಬೆಗೆ ತಾಗುತ್ತದೆ ಅಂತ ಒಮ್ಮೆ ಮಡಚಿದವರು ಮತ್ತೆ ಎತ್ತುವುದೇ ಇಲ್ಲ, ಅಷ್ಟು ಭಾರ. ಎತ್ತಿ ನಿಲ್ಲಿಸಿ ಬೆಲ್ಟ್ ಹಾಕಿಕೊಂಡರೆ ಮಾತ್ರ ಅದು ಜೀವ ಉಳಿಸುತ್ತದೆ. ಗ್ಯಾಸ್ ಒತ್ತಡದಿಂದ ಎತ್ತಲು ನೆರವಾಗುವ ಗ್ಯಾಸ್ ಸ್ಟ್ರಟ್ ಹಾಕಿದರೆ ಒಂದೇ ಕೈಯಲ್ಲಿ ಎತ್ತಬಹುದು.

ನೀವು ಕೊಳ್ಳುವ ಯೋಚನೆಯಲ್ಲಿದ್ದರೆ, ಬರೀ ಓಡಿಸಿ ನೋಡಿ ಬರಬೇಡಿ. ಒಂದು ಸಲಕರಣೆ ತರಿಸಿ, ಯಾರ ಸಹಾಯವೂ ಇಲ್ಲದೆ ನೀವೇ ಜೋಡಿಸಿ, ಬಿಚ್ಚಿ. ಪಿಟಿಒ ಶಾಫ್ಟ್ ಸಮೇತ. ಎಷ್ಟು ಸಲ ಸೀಟಿನಿಂದ ಇಳಿದು ಹತ್ತಿದಿರಿ ಅಂತ ಎಣಿಸಿಕೊಳ್ಳಿ.